ಕಟ್ಟಿಸಿಕೊಂಡ ಹಲ್ಲಿನ ಹಿಡಿತ

ಜಾರ್ಜ್ ವಾಷಿಂಗ್ಟನ್ನರ ಹಲ್ಲುಸೆಟ್ಟು ಮರದ್ದಾಗಿತ್ತು ಎಂಬ ಕತೆ ಬಹಳ ಹಳೆಯದು. ಕತೆ ಸುಳ್ಳು. ಮೌಂಟ್ ವರ್ನನ್ನಿನಲ್ಲಿ ಉಳಿದಿರುವ ಅವರ ಸೆಟ್ಟಿನಲ್ಲಿ ಸೀಸವಿದೆ, ಮನುಷ್ಯರ ಹಲ್ಲಿದೆ, ದನದ ಹಲ್ಲಿದೆ. 1784ರಲ್ಲಿ ಅವರು ಗುಲಾಮರಿಂದ ಒಂಬತ್ತು ಹಲ್ಲು ಕೊಂಡ ಲೆಕ್ಕ ಖಾತೆ ಪುಸ್ತಕದಲ್ಲಿದೆ. ನನ್ನ ಕಣ್ಣು ನಿಲ್ಲುವುದು ಮಾತ್ರ ಆ ಸೆಟ್ಟಿನ ಸ್ಪ್ರಿಂಗುಗಳ ಮೇಲೆ. ಅವು ಮೇಲಿನ, ಕೆಳಗಿನ ಸೆಟ್ಟುಗಳನ್ನು ಪರಸ್ಪರ ದೂರ ತಳ್ಳಿ ಒಸಡಿಗೆ ಒತ್ತಿ ಹಿಡಿಯುತ್ತಿದ್ದವು. ಬಾಯಿ ಮುಚ್ಚಿಕೊಂಡಿರಬೇಕಾದರೆ ದೇಶದ ಅಧ್ಯಕ್ಷರು ಸದಾ ದವಡೆ ಬಿಗಿ ಹಿಡಿದಿರಬೇಕಿತ್ತು.

ಮರದ ಸೆಟ್ಟು ನಿಜವಾಗಿ ಇದ್ದದ್ದು ಜಪಾನಿನಲ್ಲಿ. ವಾಕಾಯಾಮಾದಲ್ಲಿ 1538ರಲ್ಲಿ ತೀರಿಕೊಂಡ ಬೌದ್ಧ ಸನ್ಯಾಸಿನಿಯೊಬ್ಬರ ಸೆಟ್ಟು ಇಂದಿಗೂ ಉಳಿದಿದೆ. ಅದಕ್ಕೆ ಸ್ಪ್ರಿಂಗಿಲ್ಲ. ಅಂಗುಳಕ್ಕೆ ಸರಿಯಾಗಿ ಕೂರುವಂತೆ ಕೆತ್ತಿದರೆ ಎಂಜಲಿನ ತೆಳು ಪದರವೇ ಹಿಡಿದುಕೊಳ್ಳುತ್ತದೆ ಎಂಬುದು ಆ ಕುಶಲಕರ್ಮಿಗೆ ಗೊತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ವಲ್ಕನೈಟ್ ಎಂಬ ಗಟ್ಟಿ ರಬ್ಬರು ಬಂದ ಮೇಲೆ ಒಸಡಿನ ಅಚ್ಚಿಗೆ ಹೊಂದುವ ಸೆಟ್ಟು ಅಗ್ಗವಾಯಿತು. ಅದರ ಪೇಟೆಂಟ್ ಜಗಳದಲ್ಲಿ ಕಂಪನಿಯ ಖಜಾಂಚಿ ಜೋಸಾಯಾ ಬೇಕನ್ನನನ್ನು 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ದಂತವೈದ್ಯ ಗುಂಡಿಟ್ಟು ಕೊಂದ. ಹಲ್ಲಿನ ಚರಿತ್ರೆಯೂ ರಕ್ತವಿಲ್ಲದ್ದಲ್ಲ.

ಮೇಲಿನ ಸೆಟ್ಟಿಗೆ ಅಂಗುಳದ ಆಸರೆ ಉಂಟು. ಕೆಳಗಿನದು ಕುದುರೆಲಾಳದ ಆಕಾರದ್ದು, ನಾಲಿಗೆ ಅದನ್ನು ಎತ್ತಿ ಎತ್ತಿ ಹಾಕುತ್ತದೆ. ಸಾಲದ್ದಕ್ಕೆ ಹಲ್ಲು ಹೋದ ಮೇಲೆ ದವಡೆಯ ಮೂಳೆ ಕರಗುತ್ತಾ ಬರುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಇಪ್ಪತ್ತೈದು ವರ್ಷ ಗಮನಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆದಿತ್ತು. ನಮ್ಮಜ್ಜಿ ಕೆಳಗಿನ ಸೆಟ್ಟನ್ನು ಮದುವೆ ಮನೆಗೆಂದು ಹಾಕಿಕೊಂಡು ಹೋಗಿ, ಎಲೆಯ ಮುಂದೆ ಕೂತಾಗ ತೆಗೆದು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು. ತಿನ್ನುವುದಕ್ಕೆಂದು ಮಾಡಿಸಿದ್ದು ತಿನ್ನುವಾಗಲೇ ಬೇಡವಾಗುತ್ತಿತ್ತು.

ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂ ಉಪಕರಣ ಕೂರಿಸಿ, ಆಮೇಲೆ ತೆಗೆಯಹೋದರೆ ಅದು ಮೂಳೆಗೆ ಬೆಸೆದುಕೊಂಡಿತ್ತು. 1965ರಲ್ಲಿ ಯೋಟೆಬೋರಿಯಲ್ಲಿ ಯೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ಅವರು ಹಾಕಿದ ಇಂಪ್ಲಾಂಟುಗಳು, ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಇದ್ದವು. ಆದರೆ ಅಲುಗದ ಹಲ್ಲು ಕಟ್ಟಲು ನಾಲ್ಕಾರು ಇಂಪ್ಲಾಂಟು ಬೇಕು. 2002ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡೇ ಇಂಪ್ಲಾಂಟು ಹಾಕಿ ಅದರ ಮೇಲೆ ತೆಗೆದು ಹಾಕಬಲ್ಲ ಸೆಟ್ಟನ್ನು ಕೂರಿಸುವುದು ಮೊದಲ ಆಯ್ಕೆಯಾಗಬೇಕು ಎಂದರು. ಇದೇ ಓವರ್‌ಡೆಂಚರ್.

ಇಂಪ್ಲಾಂಟಿಗೂ ಸೆಟ್ಟಿಗೂ ನಡುವೆ ಕೊಂಡಿ ಬೇಕಲ್ಲ. ರವಿಕೆಯ ಟಿಚ್ ಬಟನ್ ನೆನಪಿಸಿಕೊಳ್ಳಿ: ಒಂದು ಕಡೆ ಗುಂಡು, ಇನ್ನೊಂದು ಕಡೆ ಕುಳಿ. ಕೊಂಡಿಗಳ ಕಲ್ಪನೆ ಇಂಪ್ಲಾಂಟಿಗಿಂತ ಹಳೆಯದು. ಸ್ವಿಟ್ಜರ್ಲೆಂಡಿನ ಡೋಲ್ಡರ್ ಅವರ ಹೆಸರಿನ ಸರಳು ಉಳಿದ ಸ್ವಂತ ಹಲ್ಲುಗಳನ್ನು ಜೋಡಿಸಲು ಹುಟ್ಟಿದ್ದು. ಈಗ ಹೆಚ್ಚು ಬಳಕೆಯಲ್ಲಿರುವ ಲೊಕೇಟರ್‌ನಲ್ಲಿ ನೈಲಾನಿನ ಪುಟ್ಟ ಬಿಲ್ಲೆ ಇರುತ್ತದೆ. ನೀಲಿ ಬಿಲ್ಲೆಯ ಹಿಡಿತ ಒಂದೂವರೆ ಪೌಂಡು, ಗುಲಾಬಿಯದು ಮೂರು, ಬಣ್ಣವಿಲ್ಲದ್ದು ಐದು.

ಇವು ಹೊಸದರಲ್ಲಿ ಇರುವ ಲೆಕ್ಕ. ಎಷ್ಟು ದಿನ ಇದ್ದೀತು ಎಂದು ನೋಡಲು ಪ್ರಯೋಗಾಲಯದಲ್ಲಿ ಯಂತ್ರವೊಂದು ಸೆಟ್ಟನ್ನು ಹಾಕಿ ತೆಗೆದು ಮಾಡುತ್ತದೆ, ಕೃತಕ ಎಂಜಲಿನಲ್ಲಿ ಅದ್ದಿಕೊಂಡು. ಹಿಡಿತ ಅಳೆಯುವಾಗ ಎಳೆಯುವ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 50 ಮಿಲಿಮೀಟರ್. ದಿನಕ್ಕೆ ಮೂರು ಸಲ ತೆಗೆದು ಹಾಕುತ್ತಾರೆಂದರೆ ವರ್ಷಕ್ಕೆ 1,095, ಐದು ವರ್ಷಕ್ಕೆ 5,475. ನೈಲಾನು ಬಲುಬೇಗ ಸಡಿಲಾಗುತ್ತದೆ, ಮೊದಲ ಕೆಲವು ನೂರು ಸುತ್ತುಗಳಲ್ಲೇ ರೇಖೆ ಇಳಿಯತೊಡಗುತ್ತದೆ. ಲೋಹಕ್ಕೆ ಲೋಹ ಉಜ್ಜುವ ಕೊಂಡಿಗಳಲ್ಲಿ ಮೇಲ್ಮೈ ಒರಟಾಗಿ, ಹಿಡಿತ ಮೊದಮೊದಲು ಏರುವುದೂ ಉಂಟು.

ಈ ಪರೀಕ್ಷೆಗಳ ಬಗ್ಗೆ ನನ್ನ ತಕರಾರೊಂದಿದೆ. ಯಂತ್ರ ನೆಟ್ಟಗೆ ಮೇಲಕ್ಕೆ ಎಳೆಯುತ್ತದೆ. ಕೈ ನಡುಗುವ ಎಂಬತ್ತರ ಮುದುಕಿ ಒಂದು ಬದಿಗೆ ಹೆಬ್ಬೆರಳು ಕೊಟ್ಟು ಓರೆಯಾಗಿ ಮೀಟುತ್ತಾರೆ. ಯಂತ್ರ ಅಗಿಯುವುದಿಲ್ಲ, ಎಲೆಯಡಿಕೆ ಹಾಕುವುದಿಲ್ಲ. ಅದರ ವರದಿಯಲ್ಲಿ ಐದು ಪೌಂಡಿನ ಬಿಲ್ಲೆ ಗೆಲ್ಲುತ್ತದೆ, ಆ ಮುದುಕಿಗೆ ಅದನ್ನು ಕಿತ್ತು ತೊಳೆಯಲು ಆಗುವುದೇ ಇಲ್ಲ. ತೊಳೆಯದಿದ್ದರೆ ಇಂಪ್ಲಾಂಟಿನ ಸುತ್ತ ಒಸಡು ಊದಿಕೊಳ್ಳುತ್ತದೆ. ಸವೆದ ಬಿಲ್ಲೆ ಬದಲಿಸುವುದು ವೈದ್ಯರಿಗೆ ಕೆಲವು ನಿಮಿಷದ ಕೆಲಸ. ಹಳ್ಳಿಯವರಿಗೆ ಅದು ಬಸ್ ಚಾರ್ಜು, ಜೊತೆಗೊಬ್ಬರು, ಒಂದು ದಿನದ ಕೂಲಿ.

ಹಾಗಾಗಿ ನನ್ನ ಪ್ರಬಂಧದ ಕೋಷ್ಟಕದಲ್ಲಿ ಓರೆ ಎಳೆತಕ್ಕೇ ಬೇರೆ ಒಂದು ಸಾಲು ಹಾಕಿಕೊಂಡಿದ್ದೇನೆ. ಅದರ ಅಂಕಿಗಳು ಇನ್ನೂ ತುಂಬುತ್ತಿವೆ.