ಲಸಿಕೆ ಎಂದರೇನು? ಈ ಪದ ಬಂದಿದ್ದು ಎಲ್ಲಿಂದ?

ಸಿರುಗುಪ್ಪ: "ಕೂಸಿಗೆ ಸೂಜಿ ಹಾಕ್ಸೀರೇನು?" ಎಂದು ಆಶಾ ಕಾರ್ಯಕರ್ತೆಯರು ಮನೆ ಬಾಗಿಲಲ್ಲಿ ಕೇಳುವುದು ಲಸಿಕೆಯ ಬಗ್ಗೆ. ಜ್ವರ ಬಂದಾಗ ಹಾಕಿಸುವ ಇಂಜೆಕ್ಷನ್ನಿಗೂ ನಮ್ಮಲ್ಲಿ ಸೂಜಿ ಅಂತಲೇ ಹೆಸರು. ಎರಡೂ ಒಂದಲ್ಲ. ಜ್ವರದ ಸೂಜಿ ಬಂದ ಕಾಯಿಲೆಗೆ, ಲಸಿಕೆ ಬರದಂತೆ ತಡೆಯಲಿಕ್ಕೆ. ಲಸಿಕೆಗೆ ಸೂಜಿಯೇ ಬೇಕೆಂದೂ ಇಲ್ಲ. ಬಾಯಿಗೆ ಹಾಕುವ ಪೋಲಿಯೋ ಹನಿಯೂ ಲಸಿಕೆಯೇ.

ಇಂಗ್ಲಿಷಿನ 'ವ್ಯಾಕ್ಸಿನ್' ಪದದೊಳಗೆ ಆಕಳಿದೆ. ಲ್ಯಾಟಿನ್ ಭಾಷೆಯಲ್ಲಿ 'ವಾಕಾ' ಅಂದರೆ ಆಕಳು. 1796ರ ಮೇ 14ರಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹೆಣ್ಣುಮಗಳ ಕೈಮೇಲೆ ಎದ್ದಿದ್ದ ದನದ ಸಿಡುಬಿನ ಗುಳ್ಳೆಯ ರಸವನ್ನು 8 ವರ್ಷದ ಹುಡುಗನ ತೋಳಿಗೆ ಗೀರಿ ಹಾಕಿದರು. ಮುಂದೆ ಸಿಡುಬಿನ ಕೀವನ್ನೇ ಹಾಕಿ ನೋಡಿದರೂ ಹುಡುಗನಿಗೆ ರೋಗ ಬರಲಿಲ್ಲ. (ಇವತ್ತು ಯಾರೂ ಒಪ್ಪುವ ಪ್ರಯೋಗವಲ್ಲ, ಆ ಮಾತು ಬೇರೆ.) ಉಳಿದ ರೋಗಗಳ ಮದ್ದಿಗೂ ಜೆನ್ನರ್ ಗೌರವಾರ್ಥ ಅದೇ ಹೆಸರಿರಲಿ ಎಂದು 1881ರಲ್ಲಿ ಲೂಯಿ ಪಾಶ್ಚರ್ ಸೂಚಿಸಿದರು.

ಕನ್ನಡದ 'ಲಸಿಕೆ'ಯ ದಾರಿ ಬೇರೆ. ಸಂಸ್ಕೃತದ 'ಲಸೀಕಾ' ಅಂದರೆ ಮೈಯೊಳಗಿನ ನೀರಿನಂಥ ರಸ. ಆಯುರ್ವೇದದ ಹಳೆ ಗ್ರಂಥಗಳಲ್ಲೂ ಇರುವ ಪದ. ಗುಳ್ಳೆಯಿಂದ ತೆಗೆದ ರಸವನ್ನು ಇಂಗ್ಲಿಷರು 'ಲಿಂಫ್' ಎನ್ನುತ್ತಿದ್ದರು. ಅದಕ್ಕೆ ಈ ಪದ ಸರಿಯಾಗಿ ಹೊಂದುತ್ತದೆ. ಆಗ ಐಸ್ ಪೆಟ್ಟಿಗೆ ಎಲ್ಲಿತ್ತು? ಒಬ್ಬರ ತೋಳಿನ ರಸ ಇನ್ನೊಬ್ಬರ ತೋಳಿಗೆ ದಾಟುತ್ತಾ ಸಾಗುತ್ತಿತ್ತು. ಭಾರತದಲ್ಲಿ ಅದು ಮೊದಲು ಹತ್ತಿದ್ದು 1802ರ ಜೂನ್ 14ರಂದು, ಮುಂಬೈನ 3 ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿಗೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬಿಡಿಸಿದ ಮೈಸೂರು ರಾಣಿಯರ ಚಿತ್ರದಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಾರೆ. ಅದು ಲಸಿಕೆ ಹಾಕಿಸಿಕೊಂಡ ಜಾಗ ಎಂಬುದು ಇತಿಹಾಸಕಾರರ ಅಭಿಪ್ರಾಯ. 'ದೇವಿ', 'ಅಮ್ಮ' ಎಂದು ಜನ ಹೆದರುತ್ತಿದ್ದ ಆ ಸಿಡುಬು ಭೂಮಿಯಿಂದಲೇ ಹೋಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಹಾಗಾದರೆ ನಾಯಿ ಕಚ್ಚಿದ ಮೇಲೆ ಹಾಕಿಸೋದು ಲಸಿಕೆ ಹೇಗಾಯ್ತು? ರೇಬೀಸ್ ವೈರಸ್ ನರದ ಗುಂಟ ಮಿದುಳು ಮುಟ್ಟಲು ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಅಷ್ಟರೊಳಗೆ ಲಸಿಕೆ ದೇಹವನ್ನು ಸಜ್ಜು ಮಾಡುತ್ತದೆ. ಅಂದರೆ ಕಚ್ಚಿದ ಮೇಲೂ ಅದು ರೋಗಕ್ಕಿಂತ ಮುಂಚೆಯೇ. ಕಾರದಪುಡಿ, ಸುಣ್ಣ ಮೆತ್ತದೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಗಾಯ ಮಾಯಿತೆಂದು ಎರಡು ಸೂಜಿಗೇ ನಿಲ್ಲಿಸುವಂತಿಲ್ಲ, ವೈದ್ಯರು ಬರೆದುಕೊಟ್ಟ ಅಷ್ಟೂ ದಿನಾಂಕಕ್ಕೆ ಹಾಕಿಸಬೇಕು. ನೀರು ಕಂಡರೆ ಹೆದರುವ ಲಕ್ಷಣ ಶುರುವಾದ ಮೇಲೆ ಲಸಿಕೆ ಕೆಲಸಕ್ಕೆ ಬರುವುದಿಲ್ಲ.