ಅನ್ಯಭಾಷಾ ಫಂಕ್ಷನ್ ಕರೆ

ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿಟ್ಟ ಲೈಬ್ರರಿಯ ಫಂಕ್ಷನ್‌ಗಳನ್ನು ಮತ್ತೊಂದು ಭಾಷೆಯ ಪ್ರೋಗ್ರಾಮಿನಿಂದ ಕರೆದು ಬಳಸುವ ವಿಧಾನ. ಇದಕ್ಕೆ ಫಾರಿನ್ ಫಂಕ್ಷನ್ ಇಂಟರ್‌ಫೇಸ್ ಎಂದೂ ಹೆಸರಿದೆ. ಕಂಪೈಲ್ ಆದ ಫಂಕ್ಷನ್ ಬರೀ ಯಂತ್ರಸಂಕೇತ. ಅದನ್ನು ನಡೆಸಲು ಮೂಲ ಭಾಷೆ ಬೇಕಿಲ್ಲ. ಆದರೆ ಆರ್ಗ್ಯುಮೆಂಟುಗಳನ್ನು ಯಾವ ರಿಜಿಸ್ಟರಿನಲ್ಲಿ ಅಥವಾ ಸ್ಟ್ಯಾಕಿನ ಯಾವ ಜಾಗದಲ್ಲಿ ಇಡಬೇಕು, ಉತ್ತರವನ್ನು ಎಲ್ಲಿಂದ ಪಡೆಯಬೇಕು ಎಂಬ ಕಟ್ಟಳೆಯನ್ನು ಕರೆಯುವವರೂ ಓಗೊಡುವವರೂ ಪಾಲಿಸಬೇಕು. ಇದೇ ಕಾಲಿಂಗ್ ಕನ್ವೆನ್ಷನ್.

1958ರ ಫೋರ್ಟ್ರಾನ್ II ಸಬ್‌ರೂಟೀನ್‌ಗಳನ್ನು ಬೇರೆಬೇರೆಯಾಗಿ ಕಂಪೈಲ್ ಮಾಡಿ ಆಮೇಲೆ ಜೋಡಿಸುವ ಅನುಕೂಲ ಕೊಟ್ಟಿತು. ಬ್ಲಾಸ್ (1979), ಲ್ಯಾಪ್ಯಾಕ್ (1992) ಮೊದಲಾದ ಗಣಿತ ಲೈಬ್ರರಿಗಳು ಫೋರ್ಟ್ರಾನಿನಲ್ಲೇ ಬೆಳೆದವು. ಅವನ್ನು ಸಿ ಭಾಷೆಯಿಂದ ಕರೆಯುವವರಿಗೆ ತೊಡಕುಗಳಿದ್ದವು: ಫೋರ್ಟ್ರಾನ್ ಸಾಮಾನ್ಯವಾಗಿ ಬೆಲೆಯ ಬದಲು ವಿಳಾಸವನ್ನು ಕೇಳುತ್ತದೆ, ಮ್ಯಾಟ್ರಿಕ್ಸನ್ನು ಕಂಬಸಾಲಿನ ಕ್ರಮದಲ್ಲಿ ಇಡುತ್ತದೆ, ಅದರ ಹಲವು ಕಂಪೈಲರುಗಳು ಫಂಕ್ಷನ್ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಸೇರಿಸುತ್ತವೆ.

1996ರಲ್ಲಿ ಡೇವಿಡ್ ಬೀಜ್ಲಿ ಹೊರತಂದ ಸ್ವಿಗ್, ಎರಡು ಭಾಷೆಗಳ ನಡುವಿನ ರ‍್ಯಾಪರ್ ಕೋಡನ್ನು ತಾನೇ ಬರೆದುಕೊಟ್ಟಿತು. ಅದೇ ವರ್ಷ ಆಂಥೊನಿ ಗ್ರೀನ್ ಆರಂಭಿಸಿದ ಲಿಬ್‌ಎಫ್‌ಎಫ್‌ಐ, ಪ್ರೋಗ್ರಾಂ ಓಡುತ್ತಿರುವಾಗಲೇ ಕರೆಯನ್ನು ಕಟ್ಟುವ ದಾರಿ ತೋರಿಸಿತು. ಪೈಥಾನ್ 2.5ರ (2006) ಜೊತೆ ಬಂದ ಸಿಟೈಪ್ಸ್ ಇದನ್ನೇ ಆಧರಿಸಿದೆ. 1997ರ ಜಾವಾ ನೇಟಿವ್ ಇಂಟರ್‌ಫೇಸಿಗೆ ಮಾತ್ರ ಸಿ ಭಾಷೆಯ ರ‍್ಯಾಪರ್ ಬೇಕೇ ಬೇಕಿತ್ತು.

2012ರಲ್ಲಿ ಪ್ರಕಟವಾದ ಜೂಲಿಯಾ ಭಾಷೆಗೆ ಬೆಂಗಳೂರಿನ ನಂಟಿದೆ. ಅದರ ನಾಲ್ವರು ನಿರ್ಮಾತೃಗಳಲ್ಲಿ ಒಬ್ಬರಾದ ವಿರಲ್ ಶಾ ಅಲ್ಲಿ ಆಧಾರ್ ಯೋಜನೆಗಾಗಿ ದುಡಿದವರು. ಸುಲಭವಾಗಿ ಬರೆಯಲು ಒಂದು ಭಾಷೆ, ವೇಗಕ್ಕೆ ಇನ್ನೊಂದು ಎಂಬ ಇಬ್ಬಂದಿಯನ್ನು ತಪ್ಪಿಸುವುದು ಜೂಲಿಯಾದ ಗುರಿ. ಹಾಗೆಂದು ಹಳೆಯ ಲೈಬ್ರರಿಗಳನ್ನು ಅದು ಕೈಬಿಡಲಿಲ್ಲ. ಸಿಕಾಲ್ ಎಂಬ ಸೌಲಭ್ಯಕ್ಕೆ ಫಂಕ್ಷನ್ ಮತ್ತು ಲೈಬ್ರರಿಯ ಹೆಸರು, ಉತ್ತರದ ಟೈಪ್, ಆರ್ಗ್ಯುಮೆಂಟುಗಳ ಟೈಪ್ ತಿಳಿಸಿದರೆ ಕಂಪೈಲರ್ ನೇರ ಕರೆಯನ್ನೇ ರಚಿಸುತ್ತದೆ; ರ‍್ಯಾಪರ್ ಬೇಡ. ಜೂಲಿಯಾ ಕೂಡ ಮ್ಯಾಟ್ರಿಕ್ಸನ್ನು ಕಂಬಸಾಲಿನಲ್ಲೇ ಇಡುವುದರಿಂದ, ನಕಲು ಮಾಡದೆಯೇ ಅದನ್ನು ಲ್ಯಾಪ್ಯಾಕಿಗೆ ಒಪ್ಪಿಸಬಹುದು. ಶಾ ಮತ್ತು ಅವರ ಸಹನಿರ್ಮಾತೃಗಳಾದ ಜೆಫ್ ಬೆಜಾನ್ಸನ್, ಸ್ಟೆಫಾನ್ ಕಾರ್ಪಿನ್ಸ್ಕಿ ಅವರಿಗೆ ಜೂಲಿಯಾಕ್ಕಾಗಿ 2019ರ ವಿಲ್ಕಿನ್ಸನ್ ಪ್ರಶಸ್ತಿ ಸಂದಿತು.

ಸಿ ಲೈಬ್ರರಿಯ ಕಡತದಲ್ಲಿ ಸಾಮಾನ್ಯವಾಗಿ ಫಂಕ್ಷನ್ನಿನ ಹೆಸರಷ್ಟೇ ಸಿಗುತ್ತದೆ, ಟೈಪ್ ಸಿಗುವುದಿಲ್ಲ. ಟೈಪನ್ನು ತಪ್ಪಾಗಿ ಬರೆದರೆ ತಪ್ಪು ಉತ್ತರ ಬರಬಹುದು, ಪ್ರೋಗ್ರಾಮೇ ಕುಸಿಯಬಹುದು. ಆದ್ದರಿಂದ ರಸ್ಟ್ ಭಾಷೆ ಇಂಥ ಕರೆಗಳನ್ನು ಅಸುರಕ್ಷಿತವೆಂದು ಗುರುತಿಸಿಯೇ ಬರೆಯಿಸುತ್ತದೆ. ಸಿ ರ‍್ಯಾಪರಿನ ಹಂಗು ತಪ್ಪಿಸಿದ ಜಾವಾ 22 (2024) ಕೂಡ, ಮೊದಲೇ ಅನುಮತಿ ಕೊಟ್ಟಿರದಿದ್ದರೆ ಎಚ್ಚರಿಕೆ ನೀಡುತ್ತದೆ.