ಕಾವಲು: ನಮ್ಮೂರಿನ ಸವಾನಾ

ಸವಾನಾ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಆಫ್ರಿಕಾ, ಸಿಂಹ, ಜಿರಾಫೆ. ಆದರೆ ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ಹಾಸನದ ಬಯಲುಸೀಮೆಯಲ್ಲೂ ಸವಾನಾ ಇದೆ. ಉದ್ದಕ್ಕೂ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಮರ. ಇದಕ್ಕೆ ನಮ್ಮ ಕನ್ನಡದ ಹೆಸರು ಕಾವಲು, ಅಂದರೆ ಕಾಯ್ದಿಟ್ಟ ಜಾಗ.

ಕಾಯ್ದಿದ್ದು ಯಾಕೆ? ದನಗಳಿಗಾಗಿ. ಮೈಸೂರಿನ ಚಿಕ್ಕದೇವರಾಜ ಒಡೆಯರ್ ಕಾಲದಲ್ಲಿ ಅರಮನೆಯ ಹಸುಗಳನ್ನ ನೋಡಿಕೊಳ್ಳುವ ಇಲಾಖೆಗೆ ‘ಬೆಣ್ಣೆ ಚಾವಡಿ’ ಅನ್ನೋ ಹೆಸರಿತ್ತು. ಹೈದರ್ ಅಲಿ ಇದೇ ತಳಿಯ ಎತ್ತುಗಳನ್ನ ಸೈನ್ಯಕ್ಕೆ ಬಳಸಿದ. ಟಿಪ್ಪು ಅದಕ್ಕೆ ‘ಅಮೃತ್ ಮಹಲ್’ ಅಂತ ಹೆಸರಿಟ್ಟ. ಫಿರಂಗಿ ಎಳೆದುಕೊಂಡು ವೇಗವಾಗಿ ನಡೆಯುವ ಈ ಎತ್ತುಗಳನ್ನ 1799ರ ನಂತರ ಬ್ರಿಟಿಷರೂ ಬಿಡಲಿಲ್ಲ. 1860ರಲ್ಲಿ ಖರ್ಚು ಉಳಿಸೋಕೆ ಹಿಂಡುಗಳನ್ನ ಮಾರಿದರು. ಆಮೇಲೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಶುರು ಮಾಡಿದರು.

ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಅಂತ ವಿಂಗಡಣೆ ಇತ್ತು. ಹಿಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಹಿಂದೆ ಬಿಟ್ಟ ಹುಲ್ಲು ಚಿಗುರುತ್ತಿತ್ತು. ಆ ಹುಲ್ಲನ್ನೇ ನಂಬಿಕೊಂಡು ಕೃಷ್ಣಮೃಗ, ತೋಳ, ಎರ್ಲಡ್ಡು ಹಕ್ಕಿಗಳೂ ಬದುಕಿದವು.

ಎತ್ತಿನ ಜಾಗಕ್ಕೆ ಲಾರಿ ಬಂತು. ಒಂದು ಕಾಲಕ್ಕೆ 4 ಲಕ್ಷ ಎಕರೆ ಮೀರಿದ್ದ ಕಾವಲು ಬೇಸಾಯಕ್ಕೆ, ಕಾರ್ಖಾನೆಗೆ, ನೆಡುತೋಪಿಗೆ ಹಂಚಿಹೋಯಿತು. 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಸಾವಿರಾರು ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಅಲ್ಲಿ ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದ ಹಳ್ಳಿಗಳವರು ಹಸಿರು ನ್ಯಾಯಮಂಡಳಿವರೆಗೂ ಹೋರಾಡಿದರು.

ದಿನವಿಡೀ ಡೇಟಾ ಜೊತೆ ಕೆಲಸ ಮಾಡೋ ನನಗೆ ಇಲ್ಲಿ ಕಾಡೋದು ಒಂದು ಕಾಲಮ್‌ನ ಹೆಸರು. ಭಾರತ ಸರ್ಕಾರ ‘ವೇಸ್ಟ್‌ಲ್ಯಾಂಡ್ ಅಟ್ಲಾಸ್’ ಅಂತ ಒಂದು ನಕ್ಷೆಪುಸ್ತಕ ತರುತ್ತೆ. ಇಂಥ ಹುಲ್ಲು, ಕುರುಚಲು ನೆಲದ ಬಹುಪಾಲು ಅದರಲ್ಲಿ ‘ಬಂಜರು’. ಹಾಗಂತ ಬರೆದ ಮೇಲೆ ಯಾರಿಗೆ ಕೊಟ್ಟರೂ ಲಾಭವೇ ಅನ್ನಿಸುತ್ತೆ. ಮರ ನೆಟ್ಟರಂತೂ ಪುಣ್ಯ! ರಾಣೆಬೆನ್ನೂರಿನಲ್ಲಿ ಆಗಿದ್ದು ಅದೇ. ಹುಲ್ಲಿನ ಮೇಲೆ ನೀಲಗಿರಿ ನೆಟ್ಟರು. 1974ರಲ್ಲಿ ಕೃಷ್ಣಮೃಗಕ್ಕಾಗಿ ಅಭಯಾರಣ್ಯವೂ ಆಯಿತು, ಆದರೆ ಬಯಲು ಬೇಕಿದ್ದ ಎರ್ಲಡ್ಡು ಅಲ್ಲಿಂದ ಕಣ್ಮರೆಯಾಯಿತು.

ಉಳಿದಿರೋದೂ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರದ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವಾಯಿತು. ಸುಮಾರು 798 ಎಕರೆ, ಅಷ್ಟೇ. ಮುಂದಿನ ರಜೆಗೆ ಊರಿಗೆ ಹೋದಾಗ ಮಕ್ಕಳನ್ನ ಕರೆದುಕೊಂಡು ಹೋಗಿ. ‘ಇಲ್ಲೇನೂ ಇಲ್ವಲ್ಲಾ’ ಅಂದರೆ, ಕಾವಲು ಅನ್ನೋ ಪದದ ಅರ್ಥ ಹೇಳಿಕೊಡಿ.